ಗೇಟಿನಿಂದ ನಲವತ್ತೊಂದು ಮೀಟರ್

ಶಾಲೆಯ ಗೇಟಿನಿಂದ ಐವತ್ತು ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದು, ಅವುಗಳ ಜಾಹೀರಾತೂ ಹಾಕಬಾರದು ಎಂಬ ನಿಯಮ ಬಂದು ಎರಡು ವರ್ಷವಾಗಿತ್ತು. ನಾನಾಗ ಹೈದರಾಬಾದಿನಲ್ಲಿ ಆಹಾರ ಸುರಕ್ಷತಾ ಅಧಿಕಾರಿ. ನಗರದ ಕೂಕಟ್‌ಪಲ್ಲಿ ಬಡಾವಣೆ ನನ್ನ ಪಾಲಿಗೆ ಬಂದಿತ್ತು. ನಿಯಮದ ಸುದ್ದಿಯೇ ಹೆಚ್ಚಿನ ಅಂಗಡಿಯವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನಕ್ಕು ಸುಮ್ಮನಾಗುತ್ತಿದ್ದರು.

ಅಲ್ಲಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಮೂರು ಅರ್ಜಿ ಬರೆದಿದ್ದರು. ಎದುರಿನ ಅಂಗಡಿಯವರು ಬಾಗಿಲಲ್ಲೇ ಮಕ್ಕಳ ಕಣ್ಣಿನೆತ್ತರಕ್ಕೆ ಚಿಪ್ಸ್ ತೂಗುಹಾಕಿ, ಪಕ್ಕದಲ್ಲಿ ತಂಪು ಪಾನೀಯದ ಫ್ರಿಜ್ ಇಟ್ಟು, ಎರಡೂ ಕೊಂಡರೆ ಆಟಿಕೆ ಉಚಿತ ಎಂದು ಬೋರ್ಡು ಹಾಕಿದ್ದರು. ಮಕ್ಕಳ ಟಿಫಿನ್ ಡಬ್ಬಿಗಳು ತುಂಬಿದ ಹಾಗೇ ಮನೆಗೆ ಮರಳುತ್ತಿದ್ದವು.

ಮಾರ್ಚ್ ತಿಂಗಳ ಬಿಸಿಲಲ್ಲಿ ಸಹೋದ್ಯೋಗಿಯೊಬ್ಬರೊಂದಿಗೆ ಟೇಪು ಹಿಡಿದು ಹೋಗಿ ಅಳೆದೆ. ನಲವತ್ತೊಂದು ಮೀಟರ್. ನಾನು ಕಲಬುರಗಿಯವನು, ನನ್ನ ಅಡ್ಡಹೆಸರು ಕೇಳಿದ್ದೇ ತಡ, ಬೀದರಿನವರಾದ ಅಂಗಡಿಯ ಯಜಮಾನರ ಮುಖ ಅರಳಿತು.

“ನಮ್ಮ ಕಡೆಯವರ ಅದೀರಲ್ರಿ ಸಾಹೇಬ್ರ! ನೋಟಿಸ್ ಆಮ್ಯಾಲ ಕೊಡ್ರಿ. ಬಿಸಲು ಭಾಳ ಐತಿ, ಮೊದಲ ಥಂಡಾ ಕುಡೀರಿ.”

ಕೊಟ್ಟದ್ದನ್ನು ಮುಟ್ಟದೆ ಹೋದರೆ ನಮ್ಮ ಕಡೆ ಅದು ಅವಮಾನ. ಅವರು ಫ್ರಿಜ್ಜಿನಿಂದ ತೆಗೆದುಕೊಟ್ಟ ತಂಪು ಪಾನೀಯದ ಬಾಟಲಿಯಿಂದ ಎರಡು ಗುಟುಕು ಕುಡಿದೆ. ಅದೇ ಹೊತ್ತಿಗೆ ಸಹೋದ್ಯೋಗಿ ಸಾಕ್ಷ್ಯಕ್ಕೆಂದು ಫೋಟೋ ತೆಗೆದರು. ಕಚೇರಿಯಲ್ಲಿ ಅದನ್ನು ಸರಿಯಾಗಿ ನೋಡದೆಯೇ ನೋಟಿಸಿಗೆ ಲಗತ್ತಿಸಿ, ಸಹಿ ಮಾಡಿ, ಎರಡರ ಮೇಲೂ ಸೀಲು ಒತ್ತಿ ಕಳಿಸಿಬಿಟ್ಟೆ. ನನ್ನ ಬುದ್ಧಿಗೆ ಏನೆನ್ನಬೇಕೋ!

ವಾರದ ಬಳಿಕ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿ, ಒಮ್ಮೆ ಬಂದು ನೋಡಿ ಎಂದರು. ಹೋದರೆ, ಚಿಪ್ಸ್ ತೂಗಾಡುತ್ತಲೇ ಇತ್ತು. ಫ್ರಿಜ್ಜಿನ ಮೇಲೆ ಬಾಟಲಿ ಬಾಯಿಗಿಟ್ಟ ನನ್ನ ಫೋಟೋ, ಕೆಳಗೆ ಇಲಾಖೆಯ ಸೀಲು. ಮೈಯೆಲ್ಲ ಉರಿದುಹೋಯಿತು.

“ಇದನ್ನ ಯಾಕ ಹಚ್ಚೀರಿ?” ಎಂದು ರೇಗಿದೆ.

“ನೀವ ಕಳಿಸಿದ ಕಾಗದ ಅಲ್ರಿ? ನಮ್ಮ ಕಡೆ ಸಾಹೇಬ್ರು ನಮ್ಮ ಅಂಗಡ್ಯಾಗ ಕುಡದಾರಂತ ಹಚ್ಚೀನಿ.”

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಹೆಮ್ಮೆಯಿತ್ತು. ಅದೇ ಇನ್ನಷ್ಟು ಸಿಟ್ಟು ತರಿಸಿತು. ಪಕ್ಕದಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯಿನಿ ತೆಲುಗಿನಲ್ಲಿ ಮೆಲ್ಲಗೆ ಹೇಳಿದರು: “ಕುಡಿಯಬೇಡಿ ಅಂದರೆ ಮಕ್ಕಳು ನಿಮ್ಮ ಫೋಟೋ ತೋರಿಸುತ್ತಾರೆ ಸರ್. ನಾನೇನು ಹೇಳಲಿ?”

ಫೋಟೋ ಅಂದೇ ಇಳಿಯಿತು. ಆದರೆ ಅಧಿಕಾರಿಯೇ ಕುಡಿಯುತ್ತಿರುವ ಫೋಟೋ ಸಾಕ್ಷ್ಯವಾಗಿ ನಿಲ್ಲದು; ನನ್ನ ತಪ್ಪಿನಿಂದ ಹೊಸ ಅಳತೆ, ಹೊಸ ಫೋಟೋ, ಹೊಸ ನೋಟಿಸು ಎಲ್ಲ ಮೊದಲಿನಿಂದ ಆಗಬೇಕಾಯಿತು. ಚಿಪ್ಸ್, ಫ್ರಿಜ್, ಬೋರ್ಡು ಅಲ್ಲಿಂದ ತೆಗೆಸುವಷ್ಟರಲ್ಲಿ ಬೇಸಿಗೆ ರಜೆಯೂ ಕಳೆದು ಶಾಲೆ ಮತ್ತೆ ತೆರೆದಿತ್ತು.

ಕೊನೆಯ ತಪಾಸಣೆಗೆ ಮನೆಯಿಂದ ಸ್ಟೀಲ್ ಬಾಟಲಿಯಲ್ಲಿ ನೀರು ಒಯ್ದಿದ್ದೆ. ಯಜಮಾನರು ಅಂದೂ ಥಂಡಾ ಹಿಡಿದು ಬಂದರು. ನಿವೃತ್ತಿಯ ತನಕ ಅಂಗಡಿ ಅಂಗಡಿಯಲ್ಲಿ ಹೇಳುತ್ತಾ ಬಂದ ಮಾತನ್ನು ಅಂದು ಮೊದಲ ಸಲ ಹೇಳಿದೆ:

“ಬ್ಯಾಡ್ರಿ, ನೀರು ತಂದೀನಿ. ಹುಡುಗ್ರು ನೋಡಾಕತ್ತಾರ.”