ಎಡಗೈಯಲ್ಲಿ ಒಂದು ತಾಸು

ಕಣ್ಣಿಗೆ ಕಾಣದ ಸಂಗತಿಗಳ ಮೇಲೆ ನನಗೆ ಎಂದೂ ನಂಬಿಕೆ ಇರಲಿಲ್ಲ. ಭಾಲ್ಕಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಬೋರ್‌ವೆಲ್ ಮೋಟಾರಿನ ಹಳೆ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಕರೆಂಟ್ ಇದ್ದರೆ ತಿರುಗುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಇಷ್ಟೇ ನನಗೆ ಗೊತ್ತಿದ್ದ ಲೋಕ. ಯಾರಾದರೂ ಸತ್ತವರು ಬಂದರು, ಕನಸಿನಲ್ಲಿ ಸುಳಿವು ಸಿಕ್ಕಿತು ಎಂದರೆ ನಕ್ಕು ಎದ್ದುಹೋಗುತ್ತಿದ್ದೆ. ಈಗ ಅಂಥವರ ಮಾತು ಮುಗಿಯುವ ತನಕ ಸುಮ್ಮನೆ ಕೂತಿರುತ್ತೇನೆ. ಯಾಕೆ ಎಂದು ಹೇಳಿಬಿಡುತ್ತೇನೆ. ಓದಿದವರು ಏನಾದರೂ ಅಂದುಕೊಳ್ಳಲಿ.

ನನ್ನ ಹೆಂಡತಿ ಕಸ್ತೂರಿಗೆ ಕಿಡ್ನಿ ಕೆಟ್ಟು ನಾಲ್ಕು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಬೀದರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಮಷೀನಿನ ಸೂಜಿ ಚುಚ್ಚಲು ಅನುಕೂಲವಾಗಲೆಂದು ಆಕೆಯ ಎಡಗೈ ಮಣಿಕಟ್ಟಿನ ಮೇಲೆ ಆಪರೇಶನ್ ಮಾಡಿ ಎರಡು ರಕ್ತನಾಳ ಕೂಡಿಸಿದ್ದರು. ಫಿಸ್ಟುಲಾ ಅನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಚರ್ಮದ ಕೆಳಗೆ ರಕ್ತ ಗುಂಯ್‌ಗುಡುತ್ತಾ ಓಡುವುದು ಗೊತ್ತಾಗುತ್ತದೆ. ದಿನಾ ಮುಟ್ಟಿ ನೋಡಬೇಕು, ಗುಂಯ್ ಅನ್ನುವುದು ನಿಂತರೆ ತಕ್ಷಣ ಬರಬೇಕು ಎಂದು ಹೇಳಿದ್ದರು. ಹಾಗಾಗಿ ಬೆಳಗಾದರೆ ಚಹಾಕ್ಕೆ ಮೊದಲು ಕಸ್ತೂರಿ ಕೈ ಚಾಚುತ್ತಿದ್ದಳು.

"ನೋಡ್ರಿ, ಚಾಲೂ ಅದ ಏನು?"

"ಅದ, ಅದ."

ಒಮ್ಮೆ ಡಾಕ್ಟರು ಆಕೆಯ ಕೈಯ ಎಕ್ಸ್‌ರೇ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು. ಎಲುಬಿನ ಪಕ್ಕದಲ್ಲಿ ಬಿಳಿಯ ಎರಡು ಗೆರೆಗಳು, ರೈಲಿನ ಹಳಿಯ ಹಾಗೆ. "ಇದು ರಕ್ತನಾಳ. ಎಕ್ಸ್‌ರೇದಾಗ ಇದು ಕಾಣಬಾರದು. ಸುಣ್ಣ ಕಟ್ಟಿ ಬಿರುಸಾಗ್ಯಾದ, ಅದಕ್ಕೇ ಕಾಣಲತ್ತದ" ಎಂದರು. ಉಳಿದದ್ದನ್ನು ಅವರು ಬಿಡಿಸಿ ಹೇಳಬೇಕಿರಲಿಲ್ಲ. ಮೆತ್ತಗಿನ ಪೈಪು ನೀರಿನ ಹೊಡೆತಕ್ಕೆ ಸ್ವಲ್ಪ ಉಬ್ಬಿ ತಾಳಿಕೊಳ್ಳುತ್ತದೆ. ಬಿರುಸಾದ ಪೈಪು ಆ ಹೊಡೆತವನ್ನೆಲ್ಲ ಮೋಟಾರಿಗೇ ವಾಪಸು ಕೊಡುತ್ತದೆ. ಅಂಥ ಎಷ್ಟು ಮೋಟಾರು ನನ್ನ ಅಂಗಡಿಗೆ ಬಂದಿಲ್ಲ! "ಹಂಗಾದ್ರ ಎದಿ ಎಷ್ಟು ದಿನ ತಡೀತದ್ರಿ?" ಎಂದು ಕೇಳಿದೆ. "ಕಿಡ್ನಿ ಕೆಲಸ ಮಷೀನ್ ಮಾಡ್ತದ. ನನಗ ಅಂಜಿಕಿ ಎದಿದೇ. ಮಷೀನ್ ಇಲ್ದ ಎರಡು ದಿನ ಬಿಟ್ಟು ಬರೋ ಸೋಮವಾರ ಭಾಳ ಜ್ವಾಕಿ ಇರ್ರಿ" ಎಂದರು. ಈ ಮಾತನ್ನು ನಾನು ಕಸ್ತೂರಿಗೆ ಹೇಳಲಿಲ್ಲ. ಔರಾದಿನಲ್ಲಿ ಶಾಲಾ ಟೀಚರ್ ಆಗಿರುವ ಮಗಳು ಸುನಿತಾಗೂ ಹೇಳಲಿಲ್ಲ. ಹೇಳಿ ಮಾಡುವುದಾದರೂ ಏನಿತ್ತು?

ಅದು ಸೋಮವಾರವೇ. ಹಿಂದಿನ ದಿನದಿಂದ ನನಗೆ ಜ್ವರ. "ನೀವು ಮಲ್ಕೋರಿ, ಇವತ್ತೊಂದಿನ ನಾ ಒಬ್ಬಾಕಿನೇ ಹೋಗ್ತೇನಿ. ದಾರಿ ಏನು ಹೊಸಾದಾ?" ಎಂದು ಕಸ್ತೂರಿ ಬೆಳಗಿನ ಬಸ್ಸಿಗೆ ಹೋದಳು. ಹೊರಡುವ ಅವಸರದಲ್ಲಿ ಕೈ ಮುಟ್ಟಿ ನೋಡುವುದು ಇಬ್ಬರಿಗೂ ಮರೆತುಹೋಯಿತು.

ಮನೆಯಲ್ಲಿ ಮಲಗಿರಲಾಗದೆ ಹತ್ತು ಗಂಟೆಗೆ ಅಂಗಡಿ ತೆರೆದೆ. ಜ್ವರ ಬಿಟ್ಟಿತ್ತು. ಕರೆಂಟ್ ಹೋಗಿತ್ತು. ಹನ್ನೊಂದು ದಾಟಿದ ಮೇಲೆ ಒಂದು ಮೋಟಾರಿನ ತಂತಿ ಬಿಚ್ಚುತ್ತಿದ್ದಾಗ ಎಡಗೈ ಮಣಿಕಟ್ಟಿನ ಮೇಲೆ ಏನೋ ಅದುರಿತು. ನರ ಹಿಡಿದಿರಬೇಕೆಂದು ಕೈ ಜಾಡಿಸಿದೆ. ನಿಲ್ಲಲಿಲ್ಲ. ಬಲಗೈ ಬೆರಳಿಟ್ಟೆ. ಗುಂಯ್, ಗುಂಯ್. ಪ್ರತಿ ಮಿಡಿತಕ್ಕೂ ಏರಿ ಇಳಿಯುವ ಅದೇ ಓಟ. ನಾಲ್ಕು ವರ್ಷ ದಿನಾ ಮುಟ್ಟಿದ್ದನ್ನು ಬೆರಳು ಮರೆಯುತ್ತದೆಯೇ? ನನ್ನ ಕೈಗೆ ಯಾವ ಆಪರೇಶನ್ನೂ ಆಗಿಲ್ಲ.

ಪಕ್ಕದ ಟೈರ್ ಅಂಗಡಿಯ ಗಫೂರ್‌ಭಾಯಿಯನ್ನು ಕರೆದು, ಏನೂ ಹೇಳದೆ ಕೈ ಮುಂದೆ ಮಾಡಿದೆ. ಮುಟ್ಟಿದವನೇ ಬೆಚ್ಚಿ ಬೆರಳು ತೆಗೆದ. "ಯಾ ಅಲ್ಲಾ! ಏನ್ರಿ ಅಣ್ಣಾ ಇದು? ಒಳಗ ದುಂಬಿ ಹೊಕ್ಕಂಗ ಆಗ್ಯಾದಲ್ಲಾ!"

ಅವನು ಇನ್ನೊಮ್ಮೆ ಮುಟ್ಟುವಷ್ಟರಲ್ಲಿ ಫೋನು ಬಂತು. ಡಯಾಲಿಸಿಸ್ ವಾರ್ಡಿನ ಸಿಸ್ಟರ್. "ಕಸ್ತೂರಿ ಅವರಿಗಿ ಆರಾಮಿಲ್ರಿ, ಜಲ್ದಿ ಬರ್ರಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಗಫೂರ್‌ಭಾಯಿ ತನ್ನ ಕಾರು ತೆಗೆದ. ದಾರಿಯುದ್ದಕ್ಕೂ ನಾನು ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಗುಂಯ್‌ಗುಡುವುದು ನಡೆದೇ ಇತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಧೈರ್ಯ ಬಂದಿತ್ತು. ಇದು ಓಡುವ ತನಕ ಕಸ್ತೂರಿ ಇದ್ದಾಳೆ ಎಂದು ನನ್ನಷ್ಟಕ್ಕೆ ನಾನೇ ನಿಶ್ಚಯ ಮಾಡಿಕೊಂಡಿದ್ದೆ. ಹಲಬರ್ಗಾ ಹತ್ತಿರ ಸುನಿತಾಳ ಫೋನು ಬಂತು. ವಾರ್ಡಿನವರು ಆಕೆಗೂ ತಿಳಿಸಿದ್ದರು.

"ಅಪ್ಪಾ, ಅವ್ವಗ ಏನಾಗ್ಯಾದ? ಖರೇ ಹೇಳು, ಅವ್ವ ಅದಾಳಿಲ್ಲೋ?"

"ಅಳಬ್ಯಾಡವ್ವಾ. ನಿಮ್ಮವ್ವ ಅದಾಳ. ನನ್ನ ಕೈಯಾಗೇ ಅದಾಳ. ಸಾವಕಾಶ ಬಾ" ಎಂದೆ.

ನೌಬಾದ ದಾಟಿ ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂವರೆ. ಕಸ್ತೂರಿಯ ಮುಖದ ತನಕ ಬಿಳಿ ಬಟ್ಟೆ ಎಳೆದಿದ್ದರು. ಮಾತಾಡುತ್ತಾ ಇದ್ದವಳು ಒಮ್ಮೆಗೇ ಕತ್ತು ವಾಲಿಸಿದಳಂತೆ. ಎದೆ ಒತ್ತಿದರು, ಶಾಕ್ ಕೊಟ್ಟರು, ಏನೂ ಆಗಲಿಲ್ಲ. ಎದೆ ನಿಂತದ್ದು ಹನ್ನೊಂದೂಕಾಲಕ್ಕೆ ಎಂದು ಡಾಕ್ಟರು ತಲೆ ತಗ್ಗಿಸಿ ಹೇಳಿದರು. ನನ್ನ ಕೈ ಅದುರಲು ಶುರುವಾದದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅಂದರೆ ಆಕೆ ಹೋದ ಮೇಲೆ ಒಂದು ತಾಸಿಗೂ ಹೆಚ್ಚು ಹೊತ್ತು ಅದು ನನ್ನಲ್ಲಿ ಓಡಿತ್ತು.

ಬಟ್ಟೆ ಸರಿಸಿ ಆಕೆಯ ಎಡಗೈ ಹಿಡಿದೆ. ತಣ್ಣಗಿತ್ತು. ಬೆರಳಿಗೆ ಏನೂ ಸಿಗಲಿಲ್ಲ. ಹಾಗೆ ಹಿಡಿದಿರುವಾಗಲೇ ನನ್ನ ಕೈಯಲ್ಲಿದ್ದದ್ದೂ ಸಣ್ಣಗಾಗುತ್ತಾ ಬಂದು ನಿಂತುಹೋಯಿತು. ಬಾಗಿಲಲ್ಲಿ ನಿಂತಿದ್ದ ಗಫೂರ್‌ಭಾಯಿ ಬಂದು ನನ್ನ ಮಣಿಕಟ್ಟು ಮುಟ್ಟಿ ನೋಡಿ, ಇಲ್ಲವೆಂದು ತಲೆಯಾಡಿಸಿ ಹೊರಗೆ ಹೋದ.

ಸುನಿತಾ ಬಂದಾಗ ಎರಡು ಗಂಟೆ. ಮಷೀನಿಗೆ ಮಲಗಿದಾಗ ಅವ್ವನಿಗೆ ಚಳಿ ಹತ್ತುತ್ತದೆ ಎಂದು ದಾರಿಯಲ್ಲಿ ಹೊಸ ಚಾದರ ಕೊಂಡು ತಂದಿದ್ದಳು. ನಾನು ಹೇಳಿದ್ದನ್ನು ನಂಬಿ, ಅಂಗಡಿಯಲ್ಲಿ ನಿಂತು ಬಣ್ಣ ಆರಿಸಿದ್ದಳು. ಆ ಚಾದರವನ್ನು ಎದೆಗವಚಿಕೊಂಡು ಅವಳು ವಾರ್ಡಿನೊಳಗೆ ಬಂದ ಗಳಿಗೆಯನ್ನು ಬರೆಯುವ ಶಕ್ತಿ ನನಗಿಲ್ಲ.

ಆಮೇಲೆ ಡಾಕ್ಟರಿಗೆ ನನ್ನ ಕೈ ತೋರಿಸಿದೆ. ತಪಾಸಣೆ ಮಾಡಿಸಿ, ಏನೂ ಇಲ್ಲ, ಜ್ವರ, ಗಾಬರಿ, ಹಿಂಗಾಗತದ ಎಂದರು. ಇರಬಹುದು. ಆದರೆ ಗಫೂರ್‌ಭಾಯಿಗೆ ಯಾವ ಜ್ವರ ಇತ್ತು?

ಸುನಿತಾ ವರ್ಷದ ತನಕ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. "ಯಾಕ ಸುಳ್ಳು ಹೇಳಿದಿ ಅಪ್ಪಾ?" ಎಂದು ಅದೊಂದನ್ನೇ ಕೇಳುತ್ತಿದ್ದಳು. ಕಡೆಗೊಂದು ದಿನ ಅಂಗಡಿಯಲ್ಲಿ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ. ನನಗೆ ತಲೆ ಕೆಟ್ಟಿದೆಯೇನೋ ಎನ್ನುವಂತೆ ನೋಡಿದಳು. ಎದ್ದು ಪಕ್ಕದ ಅಂಗಡಿಗೆ ಹೋಗಿ ಗಫೂರ್‌ಭಾಯಿಯನ್ನೇ ಕೇಳಿದಳು.

"ನಾ ಮುಟ್ಟಿದ್ದು ಖರೇ ಅದ ಬೇಟಾ. ಏನಂತ ಮಾತ್ರ ನನಗ ಕೇಳಬ್ಯಾಡ" ಎಂದ ಆತ.

ಸುನಿತಾ ವಾಪಸು ಬಂದು ನನ್ನ ಎದುರಿಗೆ ಕೂತಳು. ಆಮೇಲೆ ತಲೆ ಎತ್ತದೆ ಕೇಳಿದಳು:

"ಹಂಗಾದ್ರ ಆ ಒಂದು ತಾಸು ಅವ್ವ ನಿನ್ನ ಹತ್ರ ಇದ್ದಳು. ನನ್ನ ಹತ್ರ ಯಾಕ ಬರಲಿಲ್ಲಪ್ಪಾ?"