ಗುರುಗ್ರಹದ ಗಾಳಿ ಮತ್ತು ಕೆಂಪು ಶಾಯಿ

ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿದ ಮುನಿರತ್ನಮ್ಮನಿಗೆ ತಕ್ಕಡಿ ಹೇಳಿದ್ದನ್ನು ಸುಮ್ಮನೆ ನಂಬಿ ಗೊತ್ತಿರಲಿಲ್ಲ. ಹತ್ತಿರದ ವಿಜಯಪುರದಿಂದ ಬಂದ ರೇಷ್ಮೆ ನೂಲನ್ನು ಮಂಜಿನ ಬೆಳಗಿನಲ್ಲಿ ತೂಗಲು ಅವಳ ಅಪ್ಪ ಬಿಡುತ್ತಿರಲಿಲ್ಲ. "ನೂಲು ಥಂಡಿ ಕುಡ್ದೈತೆ, ತೂಕ ಜಾಸ್ತಿ ತೋರ್ಸ್ತೈತೆ, ಬಿಸ್ಲು ಬರ್ಲಿ ತಡೀರಿ" ಎನ್ನುತ್ತಿದ್ದರು.

ತೊಂಬತ್ತಾರರ ಜನವರಿಯಲ್ಲಿ, ಬಿಎಸ್ಸಿ ಕೊನೆಯ ವರ್ಷದ ತರಗತಿಗೆ ಭೌತಶಾಸ್ತ್ರದ ಮೇಷ್ಟ್ರು ನರಸಿಂಹಯ್ಯ ಪತ್ರಿಕೆ ಹಿಡಿದು ಬಂದರು. ಅಮೆರಿಕದ ಗೆಲಿಲಿಯೊ ನೌಕೆ ಬಿಟ್ಟ ಶೋಧಕವೊಂದು ಗುರುಗ್ರಹದೊಳಗೆ ಇಳಿದು ಅಲ್ಲಿನ ಗಾಳಿಯನ್ನು ಅಳೆದಿತ್ತು. ತೂಕದಲ್ಲಿ ಹೀಲಿಯಂ ನೂರಕ್ಕೆ ಹದಿನಾಲ್ಕು. ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ಕಡಿಮೆ.

ಮುನಿರತ್ನಮ್ಮ ಎದ್ದು ಕೇಳಿದಳು: "ಸಾರ್, ಅಳೆಯೋ ಯಂತ್ರದ್ದೇ ತಪ್ಪಿದ್ರೆ?"

"ನಿಮ್ಮ ಮಗ್ಗದ ಮನೆ ತಕ್ಕಡೀನ ಅಮೆರಿಕಕ್ಕೆ ಕಳಿಸೋಣ್ವೇನಮ್ಮ?"

ತರಗತಿ ನಕ್ಕಿತು. ಅವಳು ಕೂತಳು. ಸಂಜೆಯವರೆಗೂ ಕಿವಿ ಸುಡುತ್ತಿತ್ತು.

ಮಾರ್ಚಿನಲ್ಲಿ ವಿಜ್ಞಾನಿಗಳು ಆ ಉಪಕರಣದ ಲೆಕ್ಕವನ್ನು ಮತ್ತೆ ನೋಡಿ, ಹೀಲಿಯಂ ಇಪ್ಪತ್ತನಾಲ್ಕು ಎಂದು ತಿದ್ದಿದರು. ಕಾಲೇಜಿನ ವಿಚಾರಗೋಷ್ಠಿಗೆಂದು ಬರೆದ ಪ್ರಬಂಧದಲ್ಲಿ ಅವಳು ಅದನ್ನೇ ಬರೆದಳು. ನರಸಿಂಹಯ್ಯ ಕೆಂಪು ಶಾಯಿಯಲ್ಲಿ ಹೊಡೆದು ಹದಿನಾಲ್ಕು ಮಾಡಿದರು. ತಿದ್ದುಪಡಿಯ ಸುದ್ದಿಯಿದ್ದ ಪತ್ರಿಕೆಯ ತುಂಡನ್ನು ಅವಳು ಚಾಚಿದರೆ ಕಣ್ಣೆತ್ತಿಯೂ ನೋಡಲಿಲ್ಲ.

"ವೇದಿಕೇಲಿ ಬೀರೇಶ ಓದ್ಲಿ. ಹುಡುಗ್ರ ಗಂಟ್ಲು ಕೊನೇ ಬೆಂಚಿಗೂ ಕೇಳುತ್ತೆ."

ಪ್ರಬಂಧದ ಮೇಲಿದ್ದ ಹೆಸರೂ ಸಹಪಾಠಿ ಬೀರೇಶನದಾಯಿತು. ಎರಡು ತಿಂಗಳು ಓದಿ ಬರೆದದ್ದು ಅವಳು.

ಗೋಷ್ಠಿಯ ದಿನ ಬೀರೇಶ ಹದಿನಾಲ್ಕು ಎಂದು ಓದುತ್ತಲೇ, ಬೆಂಗಳೂರಿನಿಂದ ಬಂದಿದ್ದ ಅತಿಥಿ ಕೈಯೆತ್ತಿದರು. "ಅದನ್ನ ತಿದ್ದಿದಾರಲ್ಲಪ್ಪಾ, ಇಪ್ಪತ್ನಾಕು ಅಂತ?"

ಬೀರೇಶ ಮೇಷ್ಟ್ರ ಕಡೆ ನೋಡಿದ. ನರಸಿಂಹಯ್ಯ ನಗುತ್ತ ಎದ್ದರು. "ಕಾಪಿ ಮಾಡಿದ ಹುಡುಗಿ ತಪ್ಪು ಬರೆದುಬಿಟ್ಟಿದಾಳೆ ಸಾರ್."

ಮುನಿರತ್ನಮ್ಮ ಎದ್ದು ನಿಂತಳು.

"ನಾನು ಇಪ್ಪತ್ನಾಕು ಅಂತಲೇ ಬರ್ದಿದ್ದೆ ಸಾರ್. ಕೆಂಪು ಶಾಯಿ ನಂದಲ್ಲ. ಆ ಪ್ರಬಂಧ ನಂದು."

ಅತಿಥಿ ಹಾಳೆ ತರಿಸಿಕೊಂಡು, ಹೊಡೆದ ಗೆರೆಯ ಅಡಿಯ ಅಂಕಿಯನ್ನು ನಿಧಾನವಾಗಿ ಓದಿದರು. "ಬಾಮ್ಮ, ನೀನೇ ಓದು."

ಹಾಳೆ ಕೊಡುತ್ತ ಬೀರೇಶ ತಲೆ ತಗ್ಗಿಸಿ ಗೊಣಗಿದ: "ಸಾರಿ ಕಣೆ."

ಅವನು ನಿಲ್ಲಿಸಿದ ಸಾಲಿನಿಂದ ಅವಳು ಮುಂದುವರಿಸಲಿಲ್ಲ. ಮೊದಲ ಪುಟಕ್ಕೆ ತಿರುಗಿಸಿ, ತನ್ನ ಹೆಸರು ಹೇಳಿ, ಮೊದಲಿನಿಂದ ಓದತೊಡಗಿದಳು. ಕೊನೆಯ ಬೆಂಚಿನವರೆಗೂ ಕೇಳಿಸಿತು.