ಬಂದರಿನ ಗೇಟು ದಾಟದ ಸಿಗಾರ್ ಪೆಟ್ಟಿಗೆ

ಕಳೆದ ವಾರ ಭಿವಂಡಿಯ ಗೋದಾಮಿನಲ್ಲಿ ತಪಾಸಣೆಗೆಂದು ಒಂದು ಮರದ ಪೆಟ್ಟಿಗೆ ತೆರೆಸಿದೆ. ಒಣ ಎಲೆ, ಹೊಸ ಮರ, ಎಲ್ಲೋ ಸ್ವಲ್ಪ ಜೇನು ಬೆರೆತಂಥ ವಾಸನೆ. ಒಳಗಿದ್ದದ್ದು ಸಿಗಾರ್. ನಾನು ಅದನ್ನು ಹಿಂದೆಂದೂ ಹತ್ತಿರದಿಂದ ಕಂಡವಳಲ್ಲ. ಆದರೂ ವಾಸನೆಯ ಗುರುತು ಹತ್ತಿತು. ಎದುರುಮನೆಯ ಮಾಮ ಅಷ್ಟು ಸರಿಯಾಗಿ ಹೇಳಿದ್ದರು...

ಡೊಂಬಿವಲಿಯಲ್ಲಿ ನಮ್ಮ ಬಾಗಿಲಿಗೆ ಎದುರಾಗಿ ಅವರ ಬಾಗಿಲು. ಉಡುಪಿ ಕಡೆಯವರು. ಠಾಣೆಯ ಹೋಟೆಲುಗಳಲ್ಲಿ ದುಡಿದು, ನಡುವಯಸ್ಸಿನಲ್ಲಿ ಅಮೆರಿಕದ ಕಡೆಯ ಪ್ರವಾಸಿ ಹಡಗೊಂದರಲ್ಲಿ ವೇಟರ್ ಆಗಿ ಸೇರಿದ್ದರು. ಒಮ್ಮೆ ಹೋದರೆ ಎಂಟೊಂಬತ್ತು ತಿಂಗಳು. ಎರಡು ಸಾವಿರದ ಆರೋ ಏಳೋ ಇಸವಿ ಇರಬೇಕು, ಮೂರೇ ತಿಂಗಳಿಗೆ ಸೂಟ್‌ಕೇಸ್ ಸಮೇತ ವಾಪಸ್ಸಾದರು. ಬಿಲ್ಡಿಂಗಿನವರು ಏನೇನೋ ಆಡಿಕೊಂಡರು. ಕುತೂಹಲ ನನಗೂ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಅವರೇ ಇಂಗ್ಲಿಷ್ ಕಾಗದವೊಂದನ್ನು ಹಿಡಿದು ಬಂದರು. ನಾನು ಆಗಷ್ಟೇ ನವಿ ಮುಂಬಯಿಯಲ್ಲಿ, ಆಮದು ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಆಫೀಸು ಸೇರಿದ್ದೆ. ಕಸ್ಟಮ್ಸ್‌ನ ಭಾಷೆ ನನಗೆ ತಿಳಿಯುತ್ತದೆ ಎಂದು ಅವರ ನಂಬಿಕೆ. ಓದಿ ಹೇಳಿದೆ. ತಂಬಾಕು ಮುಚ್ಚಿಟ್ಟದ್ದಕ್ಕೆ ದಂಡ, ವೀಸಾ ರದ್ದು. ಬೀಡಿಯನ್ನೂ ಮುಟ್ಟದ ಮಾಮ ತಂಬಾಕು ಮುಚ್ಚಿಟ್ಟರೇ?

ಹಡಗಿನಲ್ಲಿ ಅವರು ಬಡಿಸುವ ಮೇಜಿಗೆ ಹತ್ತು ದಿನ ಒಬ್ಬ ಮುದುಕರು ಬರುತ್ತಿದ್ದರಂತೆ. ಹುಟ್ಟಿದ್ದು ಕ್ಯೂಬಾ, ಬೆಳೆದದ್ದು ಅಮೆರಿಕ. ದಾರಿಯಲ್ಲಿ ಒಂದು ದ್ವೀಪದಲ್ಲಿ ಕ್ಯೂಬಾದ ಸಿಗಾರ್ ಪೆಟ್ಟಿಗೆ ಕೊಂಡರು, ಫ್ಲೋರಿಡಾದಲ್ಲಿದ್ದ ತಮ್ಮನಿಗಾಗಿ. ಅದನ್ನು ಕೊಂಡ ಎರಡನೇ ದಿನ ಎದೆನೋವು ಬಂದು, ನಡುವಿನ ಬಂದರಿನಲ್ಲೇ ಆಸ್ಪತ್ರೆಗೆ ಇಳಿಸಬೇಕಾಯಿತು. ಗಾಲಿಕುರ್ಚಿಯಲ್ಲಿ ಕೂತು ಪೆಟ್ಟಿಗೆಯನ್ನೂ ತಮ್ಮನ ವಿಳಾಸವನ್ನೂ ಮಾಮನ ಕೈಗಿಟ್ಟರು. ಫ್ಲೋರಿಡಾದ ಬಂದರಿನ ಗೇಟಿನ ಹೊರಗೆ ತಮ್ಮ ಕಾಯುತ್ತಿರುತ್ತಾನೆ ಎಂದರು.

ಕ್ಯೂಬಾದ ಸಿಗಾರನ್ನು ಆಗ ಅಮೆರಿಕದೊಳಗೆ ಒಯ್ಯುವಂತಿರಲಿಲ್ಲ. ಮಾಮನಿಗೆ ಅದು ಗೊತ್ತಿತ್ತು. ಬಟ್ಟೆಗಳ ನಡುವೆ ಇಟ್ಟರು. ಇಳಿದಾಗ ಕಸ್ಟಮ್ಸ್ ಕೌಂಟರಿನಲ್ಲಿ ಅಧಿಕಾರಿ ತಂಬಾಕು ಇದೆಯೇ ಎಂದು ಕೇಳಿದ, ಇಲ್ಲ ಎಂದರು. ಚೀಲ ತೆರೆಸಿದ. ಎಲ್ಲವನ್ನೂ ಕೇಳಿ ಅವನು ನಂಬಿದನಂತೆ, ಬೇಸರವನ್ನೂ ಪಟ್ಟನಂತೆ. ಇದೆ ಎಂದು ಫಾರಮ್ಮಿನಲ್ಲಿ ಬರೆದಿದ್ದರೆ ಪೆಟ್ಟಿಗೆಯೊಂದೇ ಹೋಗುತ್ತಿತ್ತು, ದಂಡ ಆ ಸುಳ್ಳಿಗೆ ಎಂದನಂತೆ.

“ಯಾಕೆ ಮಾಮ, ಇಲ್ಲ ಅಂದದ್ದು?” ಎಂದೆ.

“ಇದೆ ಅಂದ್ರೆ ಅವ ತೆಗೊಳ್ತಾನೆ ಅಲ್ವಾ ಮಾರಾಯ್ತಿ. ಹೊರಗೆ ಒಬ್ಬ ಕಾಯ್ತಾ ಇದ್ದ.”

ಕೆಲಸ ಹೋದದ್ದಕ್ಕಿಂತ ಅದೇ ಅವರನ್ನು ಕೊರೆಯುತ್ತಿತ್ತು. ಆ ತಮ್ಮ ಎಷ್ಟು ಹೊತ್ತು ನಿಂತಿದ್ದನೋ, ಮಾಮನನ್ನು ಕಳ್ಳನೆಂದುಕೊಂಡನೋ. ಅವರು ಹೇಳಿದಂತೆ ನಾನು ಇಂಗ್ಲಿಷಿನಲ್ಲಿ ಕ್ಷಮೆಯ ಪತ್ರ ಬರೆದೆ. ಸಿಗಾರ್ ಹೇಗಿತ್ತು, ಪೆಟ್ಟಿಗೆ ಯಾವ ಬಣ್ಣ, ವಾಸನೆ ಹೇಗೆ ಎಂದೆಲ್ಲ ಕೇಳಿದೆ. ಅವರು ಕಣ್ಣು ಮುಚ್ಚಿ ಹೇಳಿದರು...

ಒಂದೂವರೆ ತಿಂಗಳಿಗೆ ಉತ್ತರ ಬಂತು. ಅಣ್ಣ ಆಸ್ಪತ್ರೆಯಿಂದ ಹೊರಬರಲಿಲ್ಲ ಎಂದು ತಮ್ಮ ಬರೆದಿದ್ದ. ಅವರಿಬ್ಬರೂ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಬಂದರಿಗೆ ಬಾ ಎಂಬ ಒಂದು ಸಾಲು ಬಿಟ್ಟರೆ ಅಣ್ಣನಿಂದ ಬೇರೇನೂ ಬಂದಿರಲಿಲ್ಲ. ಸಿಗಾರಿನ ಚಿಂತೆ ಬೇಡ, ಅಣ್ಣ ಏನಾದರೂ ಹೇಳಿದ್ದರೆ ತಿಳಿಸಿ ಎಂದು ಕೇಳಿದ್ದ.

ಮಾಮ ನಿಧಾನವಾಗಿ, “ಬರಿ. ಗಾಲಿಕುರ್ಚಿ ದೂಡುವಾಗ ಅವರು ಹೇಳಿದ್ರು, ಜಗಳ ಶುರು ಮಾಡಿದ್ದು ನಾನೇ ಅಂತ. ನಂಗೆ ಅರ್ಥ ಆಗಿರ್ಲಿಲ್ಲ, ಯಾವ ಜಗಳ ಅಂತ,” ಎಂದರು.

ಬರೆದೆ. ಆ ಪತ್ರಕ್ಕೆ ಉತ್ತರ ಬರಲಿಲ್ಲ. ಮಾಮ ಅದನ್ನು ನಿರೀಕ್ಷಿಸಿದಂತೆಯೂ ಕಾಣಲಿಲ್ಲ.

ಅವರು ಮತ್ತೆ ಹಡಗು ಹತ್ತಲಿಲ್ಲ. ಠಾಣೆಯ ಮಾಜಿವಾಡಾದ ಹೋಟೆಲೊಂದರಲ್ಲಿ ಮಂಡಿನೋವು ಬರುವವರೆಗೆ ಮ್ಯಾನೇಜರ್ ಆಗಿದ್ದರು, ಆಮೇಲೆ ಮನೆ ಬದಲಾಯಿಸಿ ಬದಲಾಪುರಕ್ಕೆ ಹೋದರು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಾಗ ತಿಂಗಳಾಗಿತ್ತು. ಎದುರಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಅಂದು ನಾನು ಏನೇನೆಲ್ಲ ಕೇಳಿದ್ದೆ, ಪೆಟ್ಟಿಗೆಯ ಬಣ್ಣವನ್ನೂ ಬಿಡದೆ! ಸಮುದ್ರ ಬಿಟ್ಟು ಬಂದು ನಿಮಗೆ ಹೇಗಾಗುತ್ತಿದೆ ಮಾಮ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.